ನಿಮ್ಮ ಕರೆಂಟು ಬಂತು, ನನ್ನ ಹೆಂಡತಿಯ ದನಿ ಹೋಯಿತು

ವಿದ್ಯುತ್ ವಲಯ ಕಚೇರಿಯ ಮುಖ್ಯಾಧಿಕಾರಿಗಳೇ,

ಮಂಗಳವಾರ ನೀವು ಕಳಿಸಿದ ಕರೆಂಟು ನನ್ನ ಹೆಂಡತಿಯ ದನಿಯನ್ನು ಸುಟ್ಟುಹಾಕಿದೆ. ಇದು ಅಲಂಕಾರದ ಮಾತಲ್ಲ. ಹಿಂದೆ ಆಪರೇಷನ್ನಿನಲ್ಲಿ ನನ್ನ ಹೆಂಡತಿ ನೆಲಿತ್ಸಾಳ ಗಂಟಲಿನ ಗಡ್ಡೆಯ ಜೊತೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಅದಕ್ಕೆ ಮುಂಚೆ ಅವಳು ದಿನಾ ಮೈಕಿನ ಮುಂದೆ ಕೂತು ತನ್ನ ಮಾತುಗಳನ್ನು ಮನೆಯ ಕಂಪ್ಯೂಟರಿಗೆ ತುಂಬಿದಳು: ಮೊಮ್ಮಕ್ಕಳ ಹೆಸರು, ಮೀನಿನವನ ಜೊತೆಗಿನ ಚೌಕಾಸಿ, ನನಗೆಂದೇ ಮೀಸಲಾದ ಬೈಗುಳ. ಆಮೇಲೆ ಗುಂಡಿ ಒತ್ತಿದರೆ ಅವಳದೇ ದನಿ. ಪಕ್ಕದ ಮನೆಯ ಎರ್ಮಿಲಾ ಕೇಳಿಸಿಕೊಂಡು, "ನಿನ್ ಗ್ರಹಚಾರ ನೋಡು ನೆರಿಯೊ, ಆಪರೇಷನ್ ಮಾಡ್ಸಿದ್ರೂ ಬೈಸ್ಕೊಳ್ಳೋದು ತಪ್ಪಲಿಲ್ಲ" ಎಂದು ನಗುತ್ತಿದ್ದಳು.

ನಮ್ಮ ಮರಕೈಬೊ ಊರಿನಲ್ಲಿ ಕರೆಂಟು ಹೋಗುವುದು ಸುದ್ದಿಯಲ್ಲ, ಬರುವುದು ಅಪಾಯ. ಬರುತ್ತದೆ, ಬಲ್ಬು ಸುಣ್ಣದಂತೆ ಬೆಳ್ಳಗಾಗುತ್ತದೆ, ಹೋಗುತ್ತದೆ, ಮತ್ತೆ ನುಗ್ಗುತ್ತದೆ. ಅದಕ್ಕೇ ನಮ್ಮ ಬೀದಿಗೊಂದು ಕಟ್ಟಳೆ. ಎಲ್ಲ ಪ್ಲಗ್ಗು ಕಿತ್ತು, ಜಗುಲಿಯ ಒಂದು ಬಲ್ಬು ಮಾತ್ರ ಬಿಡುತ್ತೇವೆ. ಅದು ಹೊತ್ತಿದ ಮೇಲೆ ಗ್ಯಾಸಿನ ಮೇಲೆ ಕಾಫಿಗಿಟ್ಟು, ಕುಡಿದು ಮುಗಿಸುವ ತನಕ ಯಾರೂ ಯಾವ ಪ್ಲಗ್ಗನ್ನೂ ಚುಚ್ಚುವುದಿಲ್ಲ. ಕಾಫಿಪುಡಿ ಇಲ್ಲದವರು ಪಕ್ಕದ ಮನೆಯಲ್ಲಿ ಕುಡಿಯುತ್ತಾರೆ, ಆದರೆ ಕಾಯುತ್ತಾರೆ. ನಮ್ಮ ಫ್ರಿಜ್ಜು, ಕಂಪ್ಯೂಟರುಗಳು ಇಷ್ಟು ದಿನ ಉಳಿದದ್ದು ನಿಮ್ಮ ಇಂಜಿನಿಯರುಗಳಿಂದಲ್ಲ, ಈ ಕಾಫಿಯಿಂದ.

ತಾವು ಅದನ್ನೂ ಸಹಿಸಲಿಲ್ಲ. ಸೋಮವಾರ ರೇಡಿಯೋದಲ್ಲಿ ಬಂದಿರಿ. ಪೂರೈಕೆ ಈಗ ಸ್ಥಿರವಾಗಿದೆ, ಪ್ಲಗ್ಗು ಕಿತ್ತು ಕಾಯುವುದು ಮೂಢನಂಬಿಕೆ, ಅಂಥ ಭಯ ಹಬ್ಬಿಸುವವರು ಜನವಿರೋಧಿಗಳು ಎಂದು ಅಪ್ಪಣೆ ಕೊಡಿಸಿದಿರಿ. ಜನರ ಅನುಭವಕ್ಕಿಂತ ತಮ್ಮ ಪ್ರಕಟಣೆಯೇ ವಿಜ್ಞಾನವಲ್ಲವೇ?

ಮರುದಿನ ಮೊಮ್ಮಗಳು ಯುಬಿರಿ ಫೋನು ಮಾಡಿದಳು. "ಆಶೀರ್ವಾದ ಮಾಡಜ್ಜಿ" ಎಂದಳು. ನಮ್ಮಲ್ಲಿ ಮಕ್ಕಳು ಹಾಗೆ ಕೇಳಿದರೆ ಹಿರಿಯರು "ದೇವ್ರು ಒಳ್ಳೇದು ಮಾಡ್ಲಿ" ಎನ್ನದೆ ಮಾತು ಮುಂದೆ ಹೋಗುವುದಿಲ್ಲ. ಹಿಂದಿನ ರಾತ್ರಿಯಿಂದ ಕರೆಂಟಿಲ್ಲದೆ ನೆಲಿತ್ಸಾ ಮೂಕಿಯಾಗಿದ್ದಳು. ಅದೇ ಹೊತ್ತಿಗೆ ಬಲ್ಬು ಹೊತ್ತಿತು. ಕಾಫಿ ಆಗಲಿ ಎಂದೆ. ಅವಳು ರೇಡಿಯೋದ ಕಡೆ ಬೆರಳು ತೋರಿಸಿ ಪ್ಲಗ್ಗು ಚುಚ್ಚಿದಳು. ಪರದೆ ತೆರೆಯಿತು. ಅವಳ ಬೆರಳು ಗುಂಡಿಯ ಮೇಲಿತ್ತು. ಬಲ್ಬು ಬೆಳ್ಳಗಾಗಿ ಸಿಡಿಯಿತು, ಕಂಪ್ಯೂಟರಿನ ಪೆಟ್ಟಿಗೆಯಿಂದ ಹೊಗೆ ಬಂತು. ಫೋನಿನಲ್ಲಿ ಕೂಸು ಕೇಳುತ್ತಲೇ ಇತ್ತು: "ಅಜ್ಜಿ, ಆಶೀರ್ವಾದ ಅಂದ್ನಲ್ಲ, ಯಾಕೆ ಮಾತಾಡ್ತಿಲ್ಲ? ನನ್ ಮೇಲೆ ಕೋಪಾನಾ?"

ಅವಳ ದನಿಯಿದ್ದ ಡಿಸ್ಕು ಸುಟ್ಟುಹೋಗಿದೆ. ಪ್ರತಿ ಇಟ್ಟಿದ್ದ ಪೆನ್‌ಡ್ರೈವೂ ಆ ಕಂಪ್ಯೂಟರಿನಲ್ಲೇ ಇತ್ತು, ಅದೂ ಹೋಯಿತು. ನಿಮ್ಮ ಕಚೇರಿಯ ಕಿಟಕಿಯಲ್ಲಿ ಹೇಳಿದರು: "ವೋಲ್ಟೇಜ್ ಮಿತಿಯೊಳಗೇ ಇತ್ತು ಯಜಮಾನ್ರೇ. ಒಂದು ಸ್ಟೆಬಿಲೈಸರ್ ಹಾಕ್ಸೋದಲ್ವಾ?" ಹಾಕಿಸಿದ್ದೆ ಸ್ವಾಮಿ. ಅದು ಕರ್ತವ್ಯದ ಮೇಲೆ ಸತ್ತಿತು. ನಿಮ್ಮ ಇಲಾಖೆಯ ಪರವಾಗಿ ಕರ್ತವ್ಯ ಮಾಡಿದ್ದು ಅದೊಂದೇ ಇರಬೇಕು.

ಬಂದರಿನ ಕಾರ್ಮಿಕ ಸಂಘದಲ್ಲಿ ಬೆಳೆದವನು ನಾನು, ಬೇಡಿ ಅಭ್ಯಾಸವಿಲ್ಲ. ಇವತ್ತು ಬೇಡುತ್ತೇನೆ: ಸುಟ್ಟ ಡಿಸ್ಕಿನಿಂದ ದನಿ ಹೊರತೆಗೆಯಬಲ್ಲವರು ನಿಮಗೆ ಗೊತ್ತಿದ್ದರೆ ಕಳಿಸಿಕೊಡಿ, ಕಾಲು ಹಿಡಿಯುತ್ತೇನೆ. ಉಳಿದದ್ದು ಹಕ್ಕೊತ್ತಾಯ. ಅದೇ ರೇಡಿಯೋದಲ್ಲಿ ಆ ಪ್ರಕಟಣೆಯನ್ನು ಇವತ್ತೇ ಹಿಂತೆಗೆದುಕೊಳ್ಳಿ, ಅದನ್ನು ನಂಬಿದವರು ಇನ್ನೂ ಪ್ಲಗ್ಗು ಚುಚ್ಚುತ್ತಿದ್ದಾರೆ. ಇಡೀ ಊರಿಗೆ ಒಮ್ಮೆಲೇ ಕರೆಂಟು ನುಗ್ಗಿಸಬೇಡಿ, ಬೀದಿ ಬೀದಿಯಾಗಿ ಬಿಡಿ. ಆಮೇಲೆ ನಮ್ಮ ಮನೆಗೆ ಬಂದು, ನೆಲಿತ್ಸಾಳ ಎದುರು ಕೂತು, ವೋಲ್ಟೇಜು ಮಿತಿಯೊಳಗೇ ಇತ್ತೆಂದು ಹೇಳಿ. ಹೆದರಬೇಡಿ, ಅವಳು ತಿರುಗಿ ಮಾತಾಡುವುದಿಲ್ಲ.

ಇಂತಿ,
ಈ ಮನೆಯಲ್ಲಿ ಈಗ ಒಬ್ಬನೇ ಮಾತಾಡುತ್ತಿರುವ
ನೆರಿಯೊ ಫೆರೆರ್