ಮೆಟ್ಟಿಲಿಳಿದ ಅಪ್ಪ

ನಮ್ಮ ಮಹಡಿ ಕೋಣೆಯಿಂದ,
ಮಾರ್ಚ್ ಹನ್ನೆರಡು, ಬೆಳಗ್ಗೆ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಹಡಗಿನ ಅಡುಗೆಮನೆಯಲ್ಲಿ ಸುಟ್ಟುಕೊಂಡ ಕೈ ವಾಸಿಯಾಯಿತೇ? ಎಲ್ಲರಿಗೂ ಬಡಿಸಿ ನೀನು ನಿಂತುಕೊಂಡೇ ಉಣ್ಣುವುದನ್ನು ಇನ್ನೂ ಬಿಟ್ಟಿರಲಿಕ್ಕಿಲ್ಲ. ನಾನು ಚೆನ್ನಾಗಿದ್ದೇನೆ. ಇನ್ನು ಅಪ್ಪನ ವಿಷಯ. ನಿಮ್ಮಿಬ್ಬರ ಮಾತು ನಿಂತು ನಾಲ್ಕು ವರ್ಷವಾಯಿತು, ಗೊತ್ತು. ಆದರೂ ಕಾಗದ ಮಡಚಿಡಬೇಡ, ಓದು.

ಮೂವತ್ತೊಂದು ವರ್ಷ ಪ್ರವಾಸಿಗರ ವ್ಯಾನು ಓಡಿಸಿದ ಅಪ್ಪ ಮೂರು ತಿಂಗಳ ಹಿಂದೆ ಕೆಲಸ ಬಿಟ್ಟರು. ಸಮುದ್ರಕ್ಕೇ ಧುಮುಕುವ ಆ ಜಲಪಾತಕ್ಕೆ ದಿನಾ ಜನರನ್ನು ಕರೆದೊಯ್ದರೂ ಒಮ್ಮೆಯೂ ಕೆಳಗಿಳಿದು ನೋಡಿಲ್ಲವಂತೆ! "ಗಾಡಿ ಬಿಟ್ಟು ಹೋಗೋಕಾಗುತ್ತೇನೇ?" ಅಂದರು ಹೋದ ವಾರ. ಮರುದಿನವೇ ಅವರನ್ನು ಬಸ್ಸು ಹತ್ತಿಸಿದೆ, ಈ ಸಲ ಕಿಟಕಿ ಪಕ್ಕದ ಸೀಟಿಗೆ.

ಇನ್ನೂರಕ್ಕೂ ಮೀರಿದ ಮೆಟ್ಟಿಲು. ನನ್ನ ಹೆಗಲು ಹಿಡಿದು ಒಂದೊಂದನ್ನೇ ಪಾದದಿಂದ ತಡವಿ ಇಳಿದರು. ಕೆಳಗೆ ಹೋದರೆ, ಅಣ್ಣಾ, ನೀರು ಬೀಳುತ್ತಿದೆ ಎನಿಸುವುದೇ ಇಲ್ಲ. ಯಾವ ಅವಸರವೂ ಇಲ್ಲದೆ ಬಂಡೆಯಿಂದ ಜಾರುತ್ತದೆ, ಗಾಳಿ ಅರ್ಧವನ್ನು ನಡುವೆಯೇ ಎತ್ತಿಕೊಂಡು ಹೋಗುತ್ತದೆ, ಉಳಿದದ್ದನ್ನು ಅಲೆ ಬಂದು ಒಯ್ಯುತ್ತದೆ. ಅಪ್ಪ ಚಪ್ಪಲಿ ಬಿಟ್ಟು, ಮುಖವೆತ್ತಿ, ಕಣ್ಣು ಮುಚ್ಚಿ ನಿಂತರು. ಹುಬ್ಬಿನ ತುಂಬ ತುಂತುರು. ಎಷ್ಟು ಹೊತ್ತು ಕಳೆಯಿತೋ, ನನಗೂ ನಿದ್ದೆಯಲ್ಲೇ ನಿಂತಂತಿತ್ತು. ಆಮೇಲೆ, "ಸಿಹಿನೀರು, ಉಪ್ಪುನೀರು ಸೇರೋ ಜಾಗ ಎಲ್ಲಿ, ತೋರ್ಸು" ಅಂದರು. ಕೈ ಹಿಡಿದು ಅದ್ದಿಸಿದೆ. ಒಂದು ಕಡೆ ತಣ್ಣಗೆ, ಗೇಣು ಆಚೆ ಬೆಚ್ಚಗೆ. ಬೆರಳು ನೆಕ್ಕಿ ನೋಡಿ, ಅಪ್ಪ ಗಟ್ಟಿಯಾಗಿ ನಕ್ಕುಬಿಟ್ಟರು. ಅಮ್ಮ ಹೋದ ಮೇಲೆ ಅಂಥ ನಗು ಕೇಳಿಯೇ ಇರಲಿಲ್ಲ.

ದೂರದಲ್ಲೊಂದು ಹಡಗು ಹೋಗುತ್ತಿತ್ತು. ನಾನು ಹೇಳಿದ ಮೇಲೆ ಆ ಕಡೆಗೇ ಮುಖ ಮಾಡಿ ಕೂತರು. ನಿನ್ನ ಹೆಸರು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಬಿಸಿಲಲ್ಲಿ ಬರಿತಲೆಯಲ್ಲಿ ಓಡಾಡಬೇಡ. ನಿನ್ನ ಜೊತೆಯ ಅಡುಗೆಯವರಿಗೆಲ್ಲ ನನ್ನ ನಮಸ್ಕಾರ ಹೇಳು. ಎಲ್ಲಿದ್ದರೂ ತಣ್ಣಗಿರು.

ನಿನ್ನ ವಟವಟ ತಂಗಿ

ಮರೆತೆ ಅಂದುಕೊಳ್ಳಬೇಡ, ಬರೆಯಲು ಧೈರ್ಯ ಸಾಲದೆ ಕೊನೆಗಿಟ್ಟೆ: ಅಪ್ಪನ ಎರಡೂ ಕಣ್ಣಿನ ನರ ಒಣಗುತ್ತಿದೆ. ಮಳೆಗಾಲದ ಹೊತ್ತಿಗೆ ಮುಖಗಳು ಗುರುತಾಗಲಿಕ್ಕಿಲ್ಲ ಎಂದರು ಡಾಕ್ಟರು. "ಅವನಿಗೆ ಬರೀಬೇಡ" ಎಂದು ಅಪ್ಪನ ಆಣತಿ. ಆದರೆ ನಿನ್ನೆ ಕಾಫಿ ಕುಡಿಯುತ್ತಾ ತಾವಾಗಿಯೇ ಕೇಳಿದರು, "ಅವನು ಈಗ ಮೀಸೆ ಬಿಟ್ಟಿದಾನಾ?" ರಜೆ ಕೇಳು ಅಣ್ಣಾ. ಈಗಲೇ.