ಹಲ್ಲಿನಲ್ಲಿ ಕಚ್ಚಿದ ದಾರ

ಮಾರ್ಚ್ ೧೬, ಸೋಮವಾರ

ಪ್ರೀತಿಯ ಅಕ್ಕಾ,

ನಿನಗೂ, ನಿನ್ನ ಹೊಟ್ಟೆಯೊಳಗೆ ಕೂತು ಕಾಲು ಝಾಡಿಸುತ್ತಿರುವವರಿಗೂ ಒಟ್ಟಿಗೇ ನಮಸ್ಕಾರ. ನಿನ್ನ ಕಾಗದ ಬಂದು ಬಹಳ ದಿನವಾಯಿತು. ಇವತ್ತು ಬರೆಯೋಣ, ನಾಳೆ ಬರೆಯೋಣ ಅನ್ನುತ್ತಲೇ ದಿನ ಕಳೆದುಹೋದವು. ಮೊದಲು ಬೈದುಕೋ, ಆಮೇಲೆ ಓದು. ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಿಮ್ಮ ಮನೆಯ ಫೋನು ನಡುಮನೆಯಲ್ಲಿ ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತದೆ. ನಾನು "ಅಕ್ಕಾ" ಅಂದರೆ ನಿಮ್ಮ ಅತ್ತೆ "ಹೇಳಮ್ಮಾ" ಅನ್ನುತ್ತಾರೆ. ಅಲ್ಲಿಗೆ ನನ್ನ ಬಾಯಿ ಕಟ್ಟಿಹೋಗುತ್ತದೆ. ಕಾಗದವಾದರೆ ನೀನೊಬ್ಬಳೇ ಓದುತ್ತೀಯ, ನನಗೂ ಮಾತು ಬರುತ್ತದೆ.

ನೀನು ಕೇಳಿದ್ದಕ್ಕೆ ಮೊದಲು ಉತ್ತರ. ಬರುತ್ತೇನೆ. ಹೆರಿಗೆಗೆ ವಾರ ಇರುವಾಗಲೇ ಬಂದು ನಿನ್ನ ಪಕ್ಕದಲ್ಲಿ ಇರುತ್ತೇನೆ. ಅಮ್ಮ ನನ್ನನ್ನು ಹೆತ್ತ ದಿನ ಅವಳ ಕೈ ಹಿಡಿದುಕೊಳ್ಳಲು ಒಬ್ಬರೂ ಇರಲಿಲ್ಲ ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೆ ಈಗ ಮತ್ತೆ ಮತ್ತೆ ನೆನಪಾಗುತ್ತಿದೆ ಅಂತ ಬರೆದಿದ್ದೀಯ. ನೆನಪಾಗಲಿ, ಆದರೆ ಹೆದರಬೇಡ. ನಿನ್ನ ಕೈ ಹಿಡಿಯಲು ನಾನಿದ್ದೇನೆ. ರಜೆ ಕೇಳಿಯೂ ಆಯಿತು. ಪಾರ್ಲರಿನ ಮೇಡಂ "ಹೆರೋದು ಅವಳು, ರಜೆ ನಿಂಗಾ?" ಎಂದು ಗೊಣಗಿ ಒಪ್ಪಿದರು.

ಇಲ್ಲಿಯ ಸುದ್ದಿ ಒಂದು ವಿಚಿತ್ರ. ಈ ಹೊಸ ರೋಗದ ಭಯಕ್ಕೆ ಎದುರಿನ ಸಿನಿಮಾ ಥಿಯೇಟರಿಗೆ ಬೀಗ ಬಿತ್ತು. ಪೋಸ್ಟರಿನಲ್ಲಿ ನಾಯಕ ಇನ್ನೂ ನಾಯಕಿಯನ್ನು ಅಪ್ಪಿಕೊಂಡೇ ಇದ್ದಾನೆ, ಒಳಗೆ ಯಾರೂ ಇಲ್ಲ. ಅದರ ಪಕ್ಕದ ಜಿಮ್‌ನ ಹುಡುಗರು ಈಗ ಬೀದಿಯಲ್ಲೇ ಓಡುತ್ತಾರೆ. ನಮ್ಮ ಪಾರ್ಲರಿನ ಗಾಜಿನ ಬಾಗಿಲಿಗೆ ಮೇಡಂ "ಕೈ ತೊಳೆದು ಒಳಗೆ ಬನ್ನಿ" ಎಂದು ಚೀಟಿ ಅಂಟಿಸಿದರು. ಕೈ ತೊಳೆಯುವ ಬೇಸಿನ್ನು ಒಳಗಿದೆ. ಬಂದವರೆಲ್ಲ ಬಾಗಿಲ ಹೊರಗೆ ನಿಂತು ಕೈ ನೋಡಿಕೊಳ್ಳುತ್ತಾರೆ. ಕೂದಲು ಕತ್ತರಿಸುವ ನಮ್ಮ ಕತ್ತರಿ ಅಕ್ಕ ಇದ್ದಾಳಲ್ಲ, ಅವಳು "ಒಳಗೆ ಬಂದು ತೊಳ್ಕೊಂಡು, ಹೊರಗೆ ಹೋಗಿ, ಮತ್ತೆ ಒಳಗೆ ಬನ್ನಿ" ಎಂದು ಒಬ್ಬ ಹೆಂಗಸಿಗೆ ನಿಜವಾಗಿ ಹೇಳಿಬಿಟ್ಟಳು. ಆಕೆ ಹಾಗೇ ಮಾಡಿದಳು ಕೂಡ.

ನನಗೆ ಈಗ ಹೊಸ ಕುತೂಹಲ ಹತ್ತಿಕೊಂಡಿದೆ. ಯಾರು ಯಾರು ಬಾಯಿಂದ ಕೆಲಸ ಮಾಡುತ್ತಾರೆ ಎಂದು ನೋಡುವುದು. ನಾನು ಹುಬ್ಬು ತೀಡುವಾಗ ದಾರದ ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡಿರುತ್ತೇನಲ್ಲ, ಇದು ನನಗೊಬ್ಬಳಿಗೇ ಎಂದುಕೊಂಡಿದ್ದೆ. ಅಲ್ಲವೇ ಅಲ್ಲ. ಬಸ್ ಕಂಡಕ್ಟರ್ ಟಿಕೆಟ್ ಹರಿಯಲು ಬೆರಳನ್ನು ನಾಲಿಗೆಗೆ ತಾಗಿಸುತ್ತಾನೆ. ಮೂಲೆಯ ಟೈಲರು ಗುಂಡುಪಿನ್ನುಗಳನ್ನು ತುಟಿಯಲ್ಲಿ ಸಿಕ್ಕಿಸಿಕೊಂಡೇ ಅಳತೆ ತೆಗೆಯುತ್ತಾನೆ. ಪಾರ್ಕಿನ ಗೇಟಿನಲ್ಲಿ ಬಲೂನು ಮಾರುವವನು ಊದಿ ಊದಿಯೇ ಹೊಟ್ಟೆ ಹೊರೆಯುವವನು. ಈಗ ತಾಯಂದಿರು ಅವನ ಬಲೂನನ್ನು ಹಾವಿನ ಹಾಗೆ ನೋಡುತ್ತಾರೆ. ಪಾಪ, ನಿನ್ನೆ ಸೈಕಲ್ ಪಂಪು ತಂದುಕೊಂಡಿದ್ದ. "ಗಾಳಿ ಯಾರದಾದ್ರೇನಮ್ಮಾ, ಬಲೂನಿಗೆ ಗೊತ್ತಾಗುತ್ತಾ?" ಎಂದು ನನ್ನನ್ನೇ ಕೇಳಿದ. ನಾನು ನಕ್ಕು ಬಂದೆ.

ಇನ್ನೊಂದು ಸಲ ಬರೆಯುತ್ತೇನೆ. ಕಾಲು ಊದಿದ್ದರೆ ದಿಂಬಿನ ಮೇಲೆ ಇಟ್ಟುಕೋ. ಭಾವನಿಗೆ ನನ್ನ ನಮಸ್ಕಾರ ತಿಳಿಸು.

ನಿನ್ನ
ಚಿಟಿಕೆ


ಮಾರ್ಚ್ ೨೦, ಶುಕ್ರವಾರ

ಅಕ್ಕಾ,

ಈ ಸಲ ತಡ ಮಾಡಲಿಲ್ಲ ನೋಡು. ಮಾಡಲು ಕೆಲಸವೇ ಇಲ್ಲ, ತಡ ಎಲ್ಲಿಂದ ಮಾಡಲಿ?

ಮೇಡಂ ಎಲ್ಲರಿಗೂ ಮಾಸ್ಕ್ ಕೊಟ್ಟರು. ಹಾಕಿಕೊಂಡು ದಾರ ಎತ್ತಿದೆ, ಅಭ್ಯಾಸದಂತೆ ಕಚ್ಚಿದೆ, ಬಾಯಿಗೆ ಬಂದದ್ದು ಮಾಸ್ಕಿನ ಬಟ್ಟೆ! ದಾರ ಹೊರಗೆ ಜೋತಾಡುತ್ತಿದೆ, ನಾನು ಬಟ್ಟೆ ಅಗಿಯುತ್ತಿದ್ದೇನೆ. ಕತ್ತರಿ ಅಕ್ಕ ಬಿದ್ದು ಬಿದ್ದು ನಕ್ಕಳು. "ಲೇ ಚಿಟಿಕೆ, ಹಸಿವಾದ್ರೆ ಹೇಳೇ, ತಿಂಡಿ ತರಿಸ್ತೀನಿ" ಅಂದಳು.

ಆಮೇಲೆ ಅವಳೇ ಒಂದು ಉಪಾಯ ಹೇಳಿದಳು. ಹಲ್ಲಿನಲ್ಲಿ ಹಿಡಿಯುವ ತುದಿಯನ್ನು ಕುತ್ತಿಗೆಗೆ ಕುಣಿಕೆ ಹಾಕಿಕೊಂಡರೆ ಆಯಿತಂತೆ. ಬೇರೆ ಕಡೆ ಹಾಗೆ ಮಾಡುವವರಿದ್ದಾರಂತೆ. ಆದರೆ ಹಲ್ಲಿಗೆ ಗೊತ್ತಿರುವ ಬಿಗಿ ಕುತ್ತಿಗೆಗೆ ಗೊತ್ತಿಲ್ಲ. ಎಷ್ಟು ಎಳೆಯಬೇಕು, ಎಲ್ಲಿ ಸಡಿಲಿಸಬೇಕು ಒಂದೂ ತಿಳಿಯುವುದಿಲ್ಲ. ತಲೆ ಅಲ್ಲಾಡಿಸಿದರೆ ಹುಬ್ಬು ಹೋಗುತ್ತದೆ.

ಮೊದಲು ಸಿಕ್ಕಿಕೊಂಡವರು ಟೀಚರಮ್ಮ. ನಿನಗೆ ಬರೆದಿದ್ದೆನಲ್ಲ, ಕೆಲಸದಿಂದ ನಿವೃತ್ತರಾದವರು, ಮನೆಯಲ್ಲಿ ಒಬ್ಬರೇ. ಹುಬ್ಬಿನಲ್ಲಿ ಹೆಚ್ಚು ಕೂದಲಿಲ್ಲದಿದ್ದರೂ ತಿಂಗಳಿಗೊಮ್ಮೆ ತಪ್ಪದೆ ಬಂದು, ಮಾತಾಡಿಸಿಕೊಂಡು ಹೋಗುವವರು. ಕಣ್ಣು ಮುಚ್ಚಿ, ಚರ್ಮವನ್ನು ತಾವೇ ಬೆರಳಿನಿಂದ ಎಳೆದು ಹಿಡಿದುಕೊಂಡು "ನೀನು ಕಲಿ, ನನ್ನ ಮುಖ ನೋಡೋಕೆ ಇನ್ನು ಯಾವ ಗಂಡೂ ಬರಬೇಕಾಗಿಲ್ಲ" ಅಂದರು. ನಡುವೆ ಒಂದೆರಡು ಸಲ ಕೆಮ್ಮಿದರು. ಕೆಮ್ಮಿದಾಗ ನಾನು ಬೆಚ್ಚಿದೆ, ದಾರವೂ ಬೆಚ್ಚಿತು. ಎಡಗಡೆಯ ಹುಬ್ಬು ಬಾಲ ಕಡಿದುಕೊಂಡು ಮೇಲಕ್ಕೆ ಹೋಗಿಬಿಟ್ಟಿತು. ಟೀಚರಮ್ಮ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡರು.

"ಯಾವಾಗಲೂ ಆಶ್ಚರ್ಯ ಪಡೋ ಹಾಗೆ ಕಾಣ್ತೀನಿ, ಅಲ್ವಾ?"

ನಾನು ಕುತ್ತಿಗೆಯ ಕುಣಿಕೆ ಬಿಚ್ಚಿದೆ.

"ಇರಲಿ ಬಿಡು. ರೇಡಿಯೋ ಹಾಕಿದ್ರೆ ಬೇರೆ ಯಾವ ಮುಖ ಇಟ್ಕೊಂಡು ಕೇಳೋಕಾಗುತ್ತೆ ಹೇಳು."

ಮೇಡಂ ಬೈಯಲು ಬಾಯಿ ತೆಗೆದವರು ನಕ್ಕುಬಿಟ್ಟರು. ಆದರೆ ನಗುವಿನ ಹಿಂದೆಯೇ ಫೋನ್ ಬಂತು. ನಾಳೆಯಿಂದ ಪಾರ್ಲರ್, ಕಟಿಂಗ್ ಶಾಪ್ ಎಲ್ಲ ಮುಚ್ಚಬೇಕಂತೆ. ಎಷ್ಟು ದಿನ ಎಂದು ಯಾರಿಗೂ ಗೊತ್ತಿಲ್ಲ. ಕತ್ತರಿ ಅಕ್ಕ ಕತ್ತರಿಗಳನ್ನೆಲ್ಲ ಒರೆಸಿ, ಎಣ್ಣೆ ಹಚ್ಚಿ, ಬಟ್ಟೆಯಲ್ಲಿ ಸುತ್ತಿದಳು. ನಾನು ಕುರ್ಚಿಗಳಿಗೆ ಬೆಡ್‌ಶೀಟ್ ಹೊದಿಸಿದೆ. ಕನ್ನಡಿಗೂ ಹೊದಿಸಲಾ ಎಂದು ಕೇಳಿದ್ದಕ್ಕೆ ಮೇಡಂ, "ಬೇಡ, ಏನಾದ್ರೂ ಒಂದು ಕಣ್ಣು ಬಿಟ್ಕೊಂಡಿರಲಿ" ಅಂದರು. ದಿನವೂ ಎಲ್ಲರ ಮುಖ ಕಾಣುತ್ತಿದ್ದ ಆ ಕನ್ನಡಿಯಲ್ಲಿ ಈಗ ಏನು ಕಾಣುತ್ತಿರಬಹುದು ಎಂದು ನನಗೆ ಈಗಲೂ ಯೋಚನೆ.

ಒಂದು ರೀತಿ ಒಳ್ಳೆಯದೇ ಆಯಿತು ಅಕ್ಕಾ. ರಜೆಗೆ ಕಾಯಬೇಕಾಗಿಲ್ಲ. ಬಸ್ಸುಗಳು ಇನ್ನೂ ಓಡುತ್ತಿವೆ. ಬಟ್ಟೆ ಚೀಲಕ್ಕೆ ತುಂಬುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದುಬಿಟ್ಟರೆ ಇಬ್ಬರೂ ಕೂತು ಓದೋಣ.

ನಿನ್ನ
ಚಿಟಿಕೆ


ಏಪ್ರಿಲ್ ೧೯, ಭಾನುವಾರ

ನನ್ನ ಅಕ್ಕಾ,

ತಾಯಿಯಾದವಳಿಗೆ ಹೇಗೆ ಬರೆಯಬೇಕೋ ತಿಳಿಯದೆ ಮೂರು ಹಾಳೆ ಹರಿದೆ. ನೀನೂ ಮಗಳೂ ಚೆನ್ನಾಗಿದ್ದೀರಿ ಎಂದು ಭಾವ ಹೇಳಿದ ದಿನ ನಾನು ರೂಮಿನಲ್ಲಿ ಒಬ್ಬಳೇ ಚಪ್ಪಾಳೆ ತಟ್ಟಿದೆ. ಕೆಳಗಿನಿಂದ ಮನೆ ಯಜಮಾನರು "ಏನಾಯ್ತಮ್ಮಾ?" ಎಂದು ಕೂಗಿದರು. "ಚಿಕ್ಕಮ್ಮ ಆದೆ" ಎಂದು ಕೂಗಿದೆ. ನಾನು ಅಷ್ಟು ಜೋರಾಗಿ ಕೂಗಿದ್ದು ಅವರು ಮೊದಲ ಸಲ ಕೇಳಿದ್ದು.

ಆಮೇಲೆ ನೀನು ಫೋನ್ ತೆಗೆದುಕೊಂಡು, "ಎಲ್ಲರೂ ಆಸ್ಪತ್ರೆ ಹೊರಗೇ ಇದ್ರು, ಯಾರನ್ನೂ ಒಳಗೆ ಬಿಡಲಿಲ್ಲ. ಒಬ್ಬಳೇ ಇದ್ದೆ ಕಣೇ. ನೀನು ನಮ್ಮೂರಿಗಾದ್ರೂ ಬರ್ತೀಯ ಅಂದ್ಕೊಂಡಿದ್ದೆ. ಬರಲೇ ಇಲ್ಲ" ಅಂದೆ. ಸ್ಪೀಕರ್ ಹಾಕಿದ್ದರು. ನಾನು ಹೂಂ ಅಂದೆ ಅಷ್ಟೆ. ನೀನು ಇಟ್ಟುಬಿಟ್ಟೆ. ಅವತ್ತಿನಿಂದ ನೀನು ಫೋನಿಗೆ ಬರುತ್ತಿಲ್ಲ. ಮಲಗಿದ್ದಾಳೆ ಎನ್ನುತ್ತಾರೆ ನಿಮ್ಮ ಅತ್ತೆ. ಎಷ್ಟು ಮಲಗುತ್ತೀಯ ಅಕ್ಕಾ?

ಬರಲಾಗದಿದ್ದಕ್ಕೆ ಕಾರಣ ಕೇಳು. ಪಾರ್ಲರ್ ಮುಚ್ಚಿದ ಮೂರನೇ ದಿನಕ್ಕೆ ಟೀಚರಮ್ಮನಿಗೆ ಜ್ವರ ಬಂತು. ಅದೇ ರೋಗ ಎಂದು ಗೊತ್ತಾಯಿತು. ಆಸ್ಪತ್ರೆಯವರು ಯಾರ ಯಾರ ಹತ್ತಿರ ಹೋಗಿದ್ದಿರಿ ಎಂದು ಕೇಳಿದಾಗ ಅವರು ಮೊದಲು ಹೇಳಿದ್ದೇ ನನ್ನ ಹೆಸರಂತೆ. ಅವರ ಮುಖಕ್ಕೆ ನನಗಿಂತ ಹತ್ತಿರ ಹೋದವರು ಇನ್ನಾರೂ ಇರಲಿಲ್ಲವಲ್ಲ. ನನಗೆ ರೂಮಿನಿಂದ ಹೊರಗೆ ಬರಬೇಡ ಅಂದರು. ನನಗೂ ಎರಡು ದಿನ ಮೈ ಬಿಸಿಯಾಯಿತು, ಕಾಫಿ ನೀರಿನ ಹಾಗೆ ರುಚಿಗೆಟ್ಟಿತು, ಆಮೇಲೆ ಸರಿಹೋಯಿತು. ನೀನು ಚಿಂತೆ ಮಾಡುತ್ತೀಯ ಎಂದು ಆಗ ಹೇಳಲಿಲ್ಲ. ಟೀಚರಮ್ಮನೂ ಮನೆಗೆ ಬಂದಿದ್ದಾರೆ. ನರ್ಸುಗಳೆಲ್ಲ ಅವರ ಎಡ ಹುಬ್ಬು ನೋಡಿ, ಏನೋ ಕೇಳುತ್ತಿದ್ದಾರೆ ಎಂದುಕೊಂಡು "ಏನಮ್ಮಾ, ಏನು ಬೇಕು?" ಎಂದು ವಿಚಾರಿಸುತ್ತಿದ್ದರಂತೆ. "ನೀನು ಮಾಡಿದ ತಪ್ಪಿನಿಂದ ನಂಗೆ ಒಳ್ಳೆ ಉಪಚಾರ ಸಿಕ್ತು" ಎಂದು ಫೋನಿನಲ್ಲಿ ನಕ್ಕರು. ಉಸಿರು ಇನ್ನೂ ಮಾತಿಗೆ ಸಾಲುವುದಿಲ್ಲ, ಆದರೂ ನಗುತ್ತಾರೆ.

ಬಾಗಿಲು ಮುಚ್ಚಿಕೊಂಡು ಕೂತರೆ ಬೇಜಾರಾಗುತ್ತದೆ ಎಂದುಕೊಂಡಿದ್ದೆ. ಅಷ್ಟೇನೂ ಆಗಲಿಲ್ಲ. ಯಜಮಾನರು ಊಟದ ತಟ್ಟೆಯನ್ನು ಮೆಟ್ಟಿಲ ಮೇಲಿಟ್ಟು ಕಂಬಿಗೆ ಚಮಚದಿಂದ ಬಡಿಯುತ್ತಾರೆ. ಅವರು ಕೆಳಗೆ ಹೋದ ಮೇಲೆ ನಾನು ಬಾಗಿಲು ತೆರೆಯುತ್ತೇನೆ. ಬಡಿತ ಕೇಳಿಯೇ ಅವರ ಮನಸ್ಸು ಗೊತ್ತಾಗುತ್ತದೆ. ಹೆಂಡತಿಯ ಜತೆ ಜಗಳವಾಗಿದ್ದರೆ ಒಂದೇ ಏಟು. ಪಕ್ಕದ ಮನೆಯವರು ಸಂಸಾರವನ್ನೆಲ್ಲ ತಾರಸಿಗೆ ತಂದಿದ್ದಾರೆ. ಅಪ್ಪ ಅಲ್ಲೇ ಗಡ್ಡ ಬೋಳಿಸುತ್ತಾನೆ, ಮಗಳು ಅಲ್ಲೇ ಮಗ್ಗಿ ಹೇಳುತ್ತಾಳೆ. ಅವಳು ತಪ್ಪಿದರೆ ನಾನು ಕಿಟಕಿಯಿಂದ ಬೆರಳು ಎತ್ತಿ ತೋರಿಸುತ್ತೇನೆ. ನನಗೆ ಗೊತ್ತಿರುವುದು ಹತ್ತರ ಮಗ್ಗಿಯವರೆಗೆ. ಅವಳು ಹನ್ನೊಂದಕ್ಕೆ ಹೋದ ದಿನ ಕಿಟಕಿ ಹಾಕಿಕೊಂಡೆ.

ಮಗುವಿನ ವಿಷಯ ಒಂದೂ ಬರೆದಿಲ್ಲವಲ್ಲ ನೀನು. ಕೂದಲು ಇದೆಯಾ? ಹುಬ್ಬು ಕಾಣಿಸುತ್ತದಾ, ಬರೀ ನವಿರು ಮಾತ್ರವಾ? ಅಳುವಾಗ ಹಣೆ ಎಲ್ಲಿ ಸುಕ್ಕಾಗುತ್ತದೆ? ಬೆರಳು ಕೊಟ್ಟರೆ ಹಿಡಿದುಕೊಳ್ಳುತ್ತದಂತೆ, ಬಿಡಿಸಿಕೊಳ್ಳಲು ಆಗುವುದಿಲ್ಲವಂತೆ, ನಿಜವಾ? ನನಗೆ ಇಷ್ಟು ಮುಖಗಳು ಗೊತ್ತು, ಇಷ್ಟು ಹೊಸ ಮುಖವನ್ನು ನಾನು ಹತ್ತಿರದಿಂದ ನೋಡೇ ಇಲ್ಲ.

ನಿಂತ ಬಸ್ಸುಗಳು ಮತ್ತೆ ಓಡಿದ ದಿನ ಬರುತ್ತೇನೆ. ನಿನ್ನ ಸಿಟ್ಟು ಎಷ್ಟಿದ್ದರೂ ಅಷ್ಟನ್ನೂ ನನಗೇ ಇಟ್ಟಿರು, ಭಾವನ ಮೇಲೆ ಖರ್ಚು ಮಾಡಬೇಡ. ಮಗಳು ನಿನ್ನ ಹಾಗೆ ಧೈರ್ಯವಂತೆಯಾಗಲಿ, ಮಾತಿನಲ್ಲಿ ಮಾತ್ರ ನನ್ನ ಹಾಗೆ ಆಗದಿರಲಿ. ಚಿಕ್ಕಮ್ಮನ ಮುತ್ತು ದೂರದಿಂದಲೇ.

ನಿನ್ನ
ಚಿಟಿಕೆ

ಬರೆದು ಮುಗಿಸಿದ ಮೇಲೆ: ಲಕೋಟೆ ಅಂಟಿಸಿ ಮತ್ತೆ ಬಿಡಿಸಿದೆ ಅಕ್ಕಾ. ಮೇಲೆ ಬರೆದದ್ದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಾನು ಬಂದಿದ್ದೆ.

ಟೀಚರಮ್ಮನಿಗೆ ಜ್ವರ ಬರುವ ಮುಂಚೆ, ಪಾರ್ಲರಿಗೆ ಬೀಗ ಹಾಕಿದ ಮಾರನೆಯ ದಿನ, ಶನಿವಾರವೇ ಹೊರಟೆ. ಬಸ್ಸಿನಲ್ಲಿ ಒಂದು ಸೀಟಿಗೆ ಒಬ್ಬರೇ. ನಿಮ್ಮ ಬೀದಿಗೆ ಬರುವಾಗ ಮಧ್ಯಾಹ್ನ. ನೀನು ಕಿಟಕಿಯಲ್ಲಿ ನಿಂತಿದ್ದೆ, ಸೊಂಟಕ್ಕೆ ಕೈ ಕೊಟ್ಟುಕೊಂಡು. ಎಷ್ಟು ದೊಡ್ಡ ಹೊಟ್ಟೆ! ನಾನು ಮಾಸ್ಕ್ ಹಾಕಿದ್ದೆ, ತಲೆಗೆ ದುಪಟ್ಟಾ ಸುತ್ತಿದ್ದೆ. ನಿನ್ನನ್ನು ಕರೆಯಲು ಬಾಯಿ ತೆರೆಯುವಷ್ಟರಲ್ಲಿ ನೀನೇ ಕೂಗಿದೆ. "ಯಾರದು? ಗೇಟು ಮುಟ್ಟಬೇಡಿ. ಏನಿದ್ದರೂ ಅಲ್ಲೇ ಇಟ್ಟು ಹೋಗಿ. ಬಸುರಿ ಇದ್ದೀನಿ, ದಯವಿಟ್ಟು ಹತ್ತಿರ ಬರಬೇಡಿ."

ದಯವಿಟ್ಟು ಅಂದೆಯಲ್ಲ, ಅದರಲ್ಲಿದ್ದ ಹೆದರಿಕೆ ನನ್ನ ಕಾಲು ಹಿಡಿದುಬಿಟ್ಟಿತು. ಆ ವಾರ ನಾನು ಮುಟ್ಟಿದ ಮುಖಗಳೆಲ್ಲ ಒಟ್ಟಿಗೇ ಕಣ್ಣೆದುರು ಬಂದವು. ಮಾಸ್ಕ್ ಇಳಿಸಿ "ನಾನು ಕಣೇ" ಅಂದಿದ್ದರೆ ನೀನು ಬಾಗಿಲು ತೆರೆದು ಓಡಿಬರುತ್ತಿದ್ದೆ. ಅದು ಗೊತ್ತಿತ್ತು. ಅದಕ್ಕೇ ಇಳಿಸಲಿಲ್ಲ. ಮಗುವಿಗೆ ಹೊಲಿದ ಅಂಗಿಗಳ ಚೀಲವನ್ನು ಗೇಟಿನ ಬುಡದಲ್ಲಿಟ್ಟು ಅದೇ ಬಸ್ಸಿಗೆ ವಾಪಸಾದೆ. ಅಂಗಡಿಯಿಂದ ಬಂದದ್ದು ಎಂದುಕೊಂಡಿರಬೇಕು ನೀನು.

ಟೀಚರಮ್ಮನ ಸುದ್ದಿ ಬಂದ ಮೇಲೆ, ಗೇಟು ದಾಟದಿದ್ದದ್ದೇ ಸರಿ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸರಿಯೇ. ನಿನ್ನ ಮೇಲೆ ನನಗೆ ಒಂಚೂರೂ ಬೇಸರವಿಲ್ಲ. ಆದರೆ ನಾನು ತಿರುಗಿ ನಡೆಯುವವರೆಗೂ ನೀನು ನನ್ನನ್ನೇ ನೋಡುತ್ತಿದ್ದೆ ಅಕ್ಕಾ, ನೇರವಾಗಿ, ಕಣ್ಣು ಕೀಳದೆ. ಅದೊಂದನ್ನು ಕೇಳದೆ ನನ್ನಿಂದ ಇರಲಾಗುತ್ತಿಲ್ಲ. ಆಗ ನನ್ನನ್ನು ನೀನು ಯಾರು ಅಂದುಕೊಂಡೆ?