ಫೋನ್ ಇಡಬೇಡ

ಶೀಜಾ,

ಕುವೈತ್‌ನಲ್ಲಿ ಮನೆಗೆಲಸ ಮಾಡುತ್ತಾ ನಾವಿಬ್ಬರೂ ಕಲಿತ ಅರಬ್ಬಿ ಇವತ್ತು ಉಪಯೋಗಕ್ಕೆ ಬಂತು. ಕಡಲಲ್ಲಿ ಅಪಾಯಕ್ಕೆ ಸಿಕ್ಕ ವಲಸಿಗರ ದೋಣಿಗಳಿಗೆ ನೆರವಾಗುವ ಸ್ವಯಂಸೇವಕರ ಸಹಾಯವಾಣಿಯೊಂದಿದೆ. ಊರಿಗೆ ಮರಳಿದ ಮೇಲೆ ತೋಲ್ಪೆಟ್ಟಿಯ ಮನೆಯಲ್ಲೇ ಕೂತು ಅದರ ಕರೆಗಳಿಗೆ ಉತ್ತರಿಸುತ್ತೇನೆ.

ಮಧ್ಯಾಹ್ನ ಒಬ್ಬ ಹೆಂಗಸು ಕರೆ ಮಾಡಿದಳು. ದೋಣಿಯಲ್ಲಿ ನಲವತ್ತು ಜನ, ಒಳಗೆ ನೀರು ನುಗ್ಗುತ್ತಿತ್ತು. ಅವರಿದ್ದ ಜಾಗವನ್ನು ಬರೆದುಕೊಂಡು ಅಲ್ಲಿನ ಕರಾವಳಿ ಕಾವಲಿನವರಿಗೆ ತಿಳಿಸಿದೆ.

"ಫೋನ್ ಇಡಬೇಡ," ಅಂದಳು.

ಇಡಲಿಲ್ಲ. "ಮೋಳೇ, ಗಂಜಿ ತಣ್ಣಗಾಯ್ತಲ್ಲಾ," ಎಂದು ಅಮ್ಮ ಎರಡು ಸಲ ಕರೆದರು. ಒಂದು ಗಂಟೆ ಕಳೆದ ಮೇಲೆ ಕಾವಲಿನವರ ಹಡಗು ಬಂತು. ಎಲ್ಲರೂ ಉಳಿದರು.

ಕೆಲಸದ ಮನೆಯವರು ನಿನ್ನನ್ನು ಕೂಡಿಹಾಕಿದ ದಿನ ನೀನೂ ಕರೆ ಮಾಡಿದ್ದೆ. "ನಾಳೆ ಮಾತಾಡುವಾ," ಎಂದು ನಾನು ಫೋನ್ ಇಟ್ಟಿದ್ದೆ. ಮರುದಿನಕ್ಕೆ ನೀನು ಉಳಿದಿರಲಿಲ್ಲ.

ಹಡಗು ಹತ್ತುವ ಮುಂಚೆ ಆಕೆ ನನ್ನ ಹೆಸರು ಕೇಳಿದಳು.

ಶೀಜಾ ಅಂದೆ.